ಸೇಸಮ್ಮನ ಸ್ನಾನದ ನೀರು

"ನೀರು ಕುದೀತಾ ಉಂಟು, ಯಾರಾದ್ರೂ ಬನ್ನಿ ಮಾರಾಯ್ರೆ!" ಮೋಕ್ಷಿತಾ ಹಂಡೆಯ ಬಳಿಯಿಂದ ಮತ್ತೆ ಕೂಗಿದಳು.

ಅಂಗಳದಲ್ಲಿದ್ದ ಹೆಂಗಸರು ಒಬ್ಬರೂ ಏಳಲಿಲ್ಲ. ಚಾವಡಿಯಲ್ಲಿ ಅವಳ ತಾಯಿ ಸೇಸಮ್ಮನ ಹೆಣವಿತ್ತು. ಮಡಂತ್ಯಾರಿನ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಹೆಣಕ್ಕೆ ಸ್ನಾನ ಮಾಡಿಸಲು ಸೆರಗು ಸಿಕ್ಕಿಸಿ ಮೊದಲು ನಿಲ್ಲುತ್ತಿದ್ದವಳು ಇದೇ ಸೇಸಮ್ಮ. ಇವತ್ತು ಅವಳಿಗೇ ಒಂದು ಚೊಂಬು ನೀರು ಹೊಯ್ಯಲು ಜನ ಇಲ್ಲ ಎಂದರೆ!

ಬೆಳಿಗ್ಗೆ ಹೊದೆಸಲು ಸೀರೆ ಹುಡುಕುವಾಗ ಕಪಾಟಿನಲ್ಲಿ ಮಾತ್ರೆಯ ಬಾಟಲಿ ಸಿಕ್ಕಿತ್ತು. ನೆರೆಮನೆಯವರೊಬ್ಬರು ಅದರ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಿದರು. ಎಚ್‌ಐವಿ ಮಾತ್ರೆ.

"ಊರಿಗೆಲ್ಲ ರಕ್ತಪರೀಕ್ಷೆ ಮಾಡಿಸ್ತಾ ತಿರುಗಿದ್ದು, ಕಡೆಗೆ ಅವಳಿಗೇ ಇದ್ದದ್ದು ನೋಡು," ಎಂದಳು ಸುಂದರಿ, ಸೊಸೆ ನವ್ಯಾಳ ಕಿವಿಯಲ್ಲಿ. "ನೀನು ಮುಟ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ಮನೆಯಲ್ಲಿ ಮಗು ಉಂಟು."

ನವ್ಯಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಆ ಬಾಟಲಿ ಅವಳದು.

*

ನವ್ಯಾಳ ಗಂಡ ತೀರಿಹೋದದ್ದು ಜಾಂಡೀಸಿನಿಂದ ಎಂದೇ ಅತ್ತೆ ನಂಬಿದ್ದಳು. ಆಮೇಲೆ ನವ್ಯಾಳನ್ನು ಉಚಿತ ತಪಾಸಣೆಯ ಕ್ಯಾಂಪಿಗೆ ಎಳೆದುಕೊಂಡು ಹೋದವಳು ಸೇಸಮ್ಮ. ಸೂಜಿ ಕಂಡು ಹೆಂಗಸರು ಹಿಂಜರಿದಾಗ ತಾನೇ ಹೋಗಿ ಕುರ್ಚಿಯಲ್ಲಿ ಕೂತು ಕೈ ಚಾಚಿದಳು.

"ನನ್ನದು ತೆಗೀರಿ ಡಾಕ್ಟ್ರೇ, ಇವರಿಗೆ ಸ್ವಲ್ಪ ಧೈರ್ಯ ಬರ್ಲಿ!"

ಫಲಿತಾಂಶ ಕೇಳಿ ನವ್ಯಾ ಅತ್ತಾಗ ಬೈದದ್ದೂ ಅವಳೇ. "ಅಳುವುದೆಂತಕ್ಕೆ? ಮಾತ್ರೆ ಧರ್ಮಕ್ಕೆ ಕೊಡ್ತಾರೆ. ಬಿಡದೆ ತಿಂದ್ರೆ ಮಗಳ ಮದುವೆಯೂ ನೋಡ್ತಿ. ಮನೆಯಲ್ಲಿ ಇಡ್ಲಿಕ್ಕೆ ಹೆದ್ರಿಕೆಯಾ? ನನ್ನ ಕಪಾಟಲ್ಲಿ ಇಡುವ."

ಅಂದಿನಿಂದ ಸಂಜೆಯಾದರೆ, ಮೋಕ್ಷಿತಾ ಕೆಲಸದಿಂದ ಬರುವ ಮೊದಲು, ಬೀಡಿ ಕಟ್ಟುವ ನೆಪದಲ್ಲಿ ನವ್ಯಾ ಇಲ್ಲಿಗೆ ಬರುತ್ತಿದ್ದಳು. ಸೇಸಮ್ಮ ಮಾತ್ರೆ ಕೈಗೆ ಹಾಕಿ, ನೀರಿನ ಚೊಂಬು ಕೊಟ್ಟು, ಅವಳು ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದಳು.

*

"ಆ ಬಾಟಲಿಯನ್ನೂ ಅವಳು ಮಲಗಿದ್ದ ಚಾಪೆಯ ಜೊತೆ ಸುಟ್ಟುಬಿಡುವ," ಎಂದರು ಯಾರೋ.

"ಅಮ್ಮ ನನ್ನ ಹತ್ರ ಕೂಡ ಹೇಳ್ಲಿಲ್ಲ," ಎಂದು ಮೋಕ್ಷಿತಾ ಬಿಕ್ಕಿದಳು.

ನವ್ಯಾ ಎದ್ದಳು. ಅತ್ತೆ ಸೀರೆ ಹಿಡಿದು ಎಳೆದಳು. "ಎಲ್ಲಿಗೆ?"

"ಬಾಟಲಿ ನನ್ನದು, ಅತ್ತೆ." ಮಾತು ಅಂಗಳಕ್ಕೆಲ್ಲ ಕೇಳಿಸಿತು. "ಕಾಯಿಲೆ ನನಗೆ. ಸೇಸಕ್ಕನಿಗೆ ಎಂತದೂ ಇರ್ಲಿಲ್ಲ. ದಿನಾ ಸಂಜೆ ಎದುರು ನಿಂತು ನನಗೆ ಮಾತ್ರೆ ನುಂಗಿಸ್ತಿದ್ದದ್ದು ಅವರೇ."

ಸುಂದರಿಯ ಕೈ ಸೀರೆಯಿಂದ ಜಾರಿತು. ಅಯ್ಯೋ, ಆಮೇಲಿನ ಗಡಿಬಿಡಿ ನೋಡಬೇಕಿತ್ತು! ಹೆಂಗಸರು ನಾ ಮುಂದೆ ತಾ ಮುಂದೆ ಎಂದು ಎದ್ದರು. ಬಿಸಿನೀರು ಹದ ಮಾಡಿದರು, ಅರಸಿನ ತಂದರು, ಸೇಸಮ್ಮನ ಗುಣಗಾನ ಮಾಡುತ್ತಾ ಸ್ನಾನ ಮಾಡಿಸಿದರು. ನವ್ಯಾ ಹತ್ತಿರ ಹೋದಲ್ಲೆಲ್ಲ ಜಾಗ ಖಾಲಿಯಾಗುತ್ತಿತ್ತು. ಕೊನೆಗೆ ಅವಳು ಬಚ್ಚಲಿನ ಗೋಡೆಗೆ ಒರಗಿ ನಿಂತು ಅತ್ತಳು.

ಚಿತೆಗೆ ಬೆಂಕಿ ಇಟ್ಟು ಬಂದವರು ಸಂಜೆಯ ಹೊತ್ತಿಗೆ ಚದುರಿದರು. ಸುಂದರಿ ಹೇಳದೆಯೇ ಮನೆಗೆ ಹೋಗಿದ್ದಳು. ತಾನೂ ಹೋಗಬೇಕು, ಆದರೆ ಅತ್ತೆ ಬಾಗಿಲು ತೆರೆಯುತ್ತಾಳೋ ಇಲ್ಲವೋ ಎಂದು ನವ್ಯಾ ಸೇಸಮ್ಮನ ಮನೆಯ ಮೆಟ್ಟಿಲಲ್ಲಿ ಏಳುತ್ತಾ ಕೂರುತ್ತಾ ಇದ್ದಳು.

ಒಳಗಿನಿಂದ ಮೋಕ್ಷಿತಾ ಬಂದಳು. ಒದ್ದೆ ತಲೆ, ಊದಿದ ಕಣ್ಣು. ಬಾಟಲಿಯ ಮುಚ್ಚಳ ತೆಗೆದು ಒಂದು ಮಾತ್ರೆಯನ್ನು ನವ್ಯಾಳ ಅಂಗೈಗೆ ಹಾಕಿದಳು, ಚೊಂಬು ಕೊಟ್ಟಳು, ಮತ್ತು ಅಲ್ಲಿಂದ ಕದಲದೆ ಎದುರಿಗೇ ನಿಂತಳು.