ಸೂಟ್‌ಕೇಸಿನಲ್ಲಿ ಅಡಗಿ ಬಂದ ಲಾಂಗನ್

ಪರರ ಅಂಗಳದಲ್ಲಿ ಚೆಂದದ ಗಿಡ ಕಂಡರೆ ಒಂದು ಕಡ್ಡಿ ಮುರಿದು ಚೀಲಕ್ಕೆ ಹಾಕಿಕೊಳ್ಳದವರು ನಮ್ಮಲ್ಲಿ ಎಷ್ಟು ಜನ? ಕೇಳಿದರೆ, "ಕದ್ದು ತಂದ ಗಿಡವೇ ಚೆನ್ನಾಗಿ ಬೆಳೆಯೋದು" ಅನ್ನುತ್ತೇವೆ. ನಮ್ಮ ಬೀದಿಯ ಟೈಲರಕ್ಕನೂ ಹಾಗೇ ಅಂದಳು. ಅವಳ ಗಿಡ ಮಾತ್ರ ಸಮುದ್ರ ದಾಟಿ ಬಂದಿತ್ತು.

ಟೈಲರಕ್ಕನ ತಾಯಿ ನಲವತ್ತು ವರ್ಷ ತಳ್ಳುಗಾಡಿಯಲ್ಲಿ ಹಣ್ಣು ಮಾರಿದವರು. ಒಮ್ಮೆ ಹಡಗಿನವರು ಯಾರೋ ಕೊಟ್ಟ ನಾಲ್ಕು ಲಾಂಗನ್ ಹಣ್ಣು ತಿಂದಿದ್ದರಂತೆ. ಗೋಲಿಗಿಂತ ಕೊಂಚ ದಪ್ಪ, ಕಂದು ಸಿಪ್ಪೆ, ಒಳಗೆ ರಸ ತುಂಬಿದ ತಿಳಿ ತಿರುಳು. "ಸಾಯೋದ್ರೊಳಗೆ ನಮ್ಮನೆ ಗಿಡದ್ದು ಒಂದಾದ್ರೂ ತಿನ್ಬೇಕು ಕಣೇ" ಎನ್ನುವುದು ಅವರ ಆಸೆ. ಆಗ ಅವರಿಗೆ ಎಪ್ಪತ್ತಾರು.

ಅಕ್ಕನ ತಮ್ಮ ಹಡಗಿನಲ್ಲಿ ಅಡುಗೆಯವನು. ಅವನ ಸೂಟ್‌ಕೇಸಿನ ಲೈನಿಂಗ್ ಬಿಚ್ಚಿ, ಒಳಗೆ ಎರಡು ಉದ್ದ ಜೇಬು ಹೊಲಿದು, ಬಾಯಿಗೆ ಕಾಣದಂತೆ ಹುಕ್ಕು ಹಾಕಿಕೊಟ್ಟವಳು ಅಕ್ಕನೇ. ಆಗ್ನೇಯ ಏಷ್ಯಾದ ಯಾವುದೋ ಬಂದರಿನ ಮಾರುಕಟ್ಟೆಯಿಂದ ಎರಡು ಸಸಿಗಳು ಅದರೊಳಗೆ ಮಲಗಿಕೊಂಡು ಬಂದವು, ಬೇರಿನ ಮಣ್ಣು ಸಮೇತ.

"ಒಬ್ರಿಗೂ ಗೊತ್ತಾಗ್ಲಿಲ್ಲ! ನನ್ನ ಹೊಲಿಗೆ ಅಂದ್ರೆ ಏನಂದ್ಕೊಂಡ್ರಿ?" ಎಂದು ಅಕ್ಕ ಬೀದಿಗೆಲ್ಲ ಕೇಳುವಂತೆ ಬೀಗಿದಳು.

ಕೇಳಿಸಿಕೊಂಡವರಲ್ಲಿ ಎದುರುಮನೆಯ ಲೆನ್ಸ್ ಮೇಡಮ್ಮೂ ಒಬ್ಬರು. ಸಸ್ಯ ತಪಾಸಣಾ ಕಚೇರಿಯಿಂದ ಅವರು ನಿವೃತ್ತರಾಗಿದ್ದಾರೆ, ಅವರ ಭೂತಕನ್ನಡಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಅದನ್ನು ಹಿಡಿದುಕೊಂಡೇ ಬಂದರು.

"ನೆಡಬೇಡ, ತಾಳು."

"ಎರಡೇ ಎರಡು ಸಸಿ ಮೇಡಂ. ಅಷ್ಟಕ್ಕೆ ಪ್ರಪಂಚ ಮುಳುಗುತ್ತಾ?"

"ಪ್ರಪಂಚ ಆಮೇಲೆ. ಮೊದಲು ಆ ಸೂಟ್‌ಕೇಸ್ ತಾ."

ಜೇಬಿನ ಹೊಲಿಗೆಯ ಮೇಲೆ ಭೂತಕನ್ನಡಿ ಇಟ್ಟು ಅಕ್ಕನನ್ನು ಕರೆದರು. ದಾರದ ಸಂದಿಯಲ್ಲಿ ಬಿಳಿ ಹಿಟ್ಟು ಉದುರಿದಂತಿತ್ತು. ನೋಡನೋಡುತ್ತಲೇ ಆ ಹಿಟ್ಟು ನಡೆಯತೊಡಗಿತು. ಅಕ್ಕ ಹೌಹಾರಿ ಹಿಂದೆ ಸರಿದಳು.

"ಇದು ಹಿಟ್ಟು ತಿಗಣೆ. ಇದಾದ್ರೂ ಕಣ್ಣಿಗೆ ಕಾಣುತ್ತೆ. ಆ ಮಣ್ಣಲ್ಲಿ ಕಾಣದ ಹುಳ, ರೋಗ ಏನೇನಿದ್ಯೋ! ಅಲ್ಲಿ ಇವನ್ನ ತಿಂದು ಹಾಕೋ ಜೀವಿಗಳಿರ್ತವೆ. ಇಲ್ಲಿ ಇಲ್ದೇ ಹೋದ್ರೆ? ಬೀದಿಯ ನಿಂಬೆ, ಸೀಬೆ ಯಾವ್ದೂ ಉಳಿಯಲ್ಲ."

"ಔಷಧಿ ಹೊಡೆದ್ರಾಯ್ತು."

"ರೋಗ ಯಾವ್ದು ಅಂತ್ಲೇ ಗೊತ್ತಿಲ್ದೆ ಯಾವ ಔಷಧಿ ಹೊಡೀತೀಯೆ? ಚೀಲದಲ್ಲಿ ಬಿಗಿಯಾಗಿ ಕಟ್ಟು. ನಾವೇ ಹೋಗಿ ಕಚೇರಿಗೆ ಒಪ್ಪಿಸೋಣ. ಆಮೇಲೆ ನೇರ ದಾರೀಲಿ ತರಿಸೋಣ. ಮೊದಲು ಅನುಮತಿ, ಅಲ್ಲಿಂದ ಗಿಡಕ್ಕೆ ರೋಗ ಇಲ್ಲ ಅನ್ನೋ ಆರೋಗ್ಯ ಪತ್ರ, ಮಣ್ಣು ತೊಳೆದ ಬೇರು, ಇಲ್ಲಿ ಬಂದ್ಮೇಲೆ ತಪಾಸಣೆ."

"ಎಷ್ಟು ದಿನ ಆಗುತ್ತೆ?"

"ಒಂದು ವರ್ಷಾನೂ ಆಗ್ಬೋದು."

ಅಕ್ಕ ಬೆರಳು ಮಡಿಚಿ ಎಣಿಸಿದಳು. "ಗಿಡ ಬರೋಕೆ ಒಂದ್ವರ್ಷ, ಹಣ್ಣು ಬಿಡೋಕೆ ಮೂರ್ವರ್ಷ. ಅಮ್ಮನ ವಯಸ್ಸು ನೋಡಿ ಮೇಡಂ! ಅವರನ್ನ ಕಾಯಿಸ್ಲಾ?"

ಅಷ್ಟರಲ್ಲಿ ಅಮ್ಮನೇ ಹೊರಗೆ ಬಂದು, ಭೂತಕನ್ನಡಿ ಕಸಿದುಕೊಂಡು, ಹುಳುಗಳನ್ನು ದಿಟ್ಟಿಸಿದರು.

"ಗಾಡೀಲಿ ಕೊಳೆತದ್ದೊಂದು ಕಂಡ್ರೆ ಆಚೆ ಎಸೀತಿದ್ದೆ. ನಂಗಿಷ್ಟದ ಹಣ್ಣು ಅಂತ ಯಾವತ್ತೂ ಬುಟ್ಟೀಲಿ ಬಿಟ್ಟೋಳಲ್ಲ. ಕಟ್ಟೇ ಚೀಲ! ನಾಲ್ಕು ವರ್ಷ ತಾನೇ? ಯಮ ಬಂದ್ರೆ ಹಣ್ಣಾದ್ಮೇಲೆ ಬಾರಯ್ಯ ಅಂತೀನಿ."

ಕಚೇರಿಯಲ್ಲಿ ಮಂಗಳಾರತಿಯಾಯಿತು, ದಂಡವೂ ಬಿತ್ತು. ಸಸಿಗಳ ಜೊತೆಗೆ ಸೂಟ್‌ಕೇಸಿನ ಲೈನಿಂಗನ್ನೂ ಸುಟ್ಟರು. ಅನುಮತಿಯ ಅರ್ಜಿ ಎರಡು ಸಲ ವಾಪಸ್ ಬಂತು. ಅಕ್ಕ ಗೊಣಗುತ್ತಲೇ ಮೂರನೇ ಸಲ ಬರೆದಳು. ಹನ್ನೊಂದು ತಿಂಗಳಿಗೆ ಹೊಸ ಸಸಿಗಳು ಪತ್ರ ಹಿಡಿದುಕೊಂಡು, ಬೇರು ತೊಳೆದುಕೊಂಡು, ಅಧಿಕಾರಿಗಳ ಕಣ್ಣೆದುರೇ ಬಂದಿಳಿದವು. ಕಚೇರಿಯವರು ಕೆಲವು ವಾರ ತಮ್ಮಲ್ಲೇ ಇಟ್ಟುಕೊಂಡು ನೋಡಿ, ಆಮೇಲೆ ಕೊಟ್ಟರು. ತಾರಸಿಯಲ್ಲಿ ಬೇರೆ ಗಿಡಗಳಿಂದ ದೂರ, ಡ್ರಮ್ಮಿನಲ್ಲಿ ನೆಟ್ಟಿದ್ದಾಯಿತು. ಲೆನ್ಸ್ ಮೇಡಂ ವಾರಕ್ಕೊಮ್ಮೆ ಎಲೆ ಮಗುಚಿ ನೋಡುತ್ತಿದ್ದರು. ಅಮ್ಮ ಮೊಣಕಾಲು ಹಿಡಿದುಕೊಂಡು ದಿನವೂ ಮೆಟ್ಟಿಲು ಹತ್ತಿ ನೀರು ಹಾಕಿದರು.

ಮೂರನೇ ವರ್ಷ ಗಿಡ ಹೂ ಬಿಟ್ಟಿತು. ಹೂವು ಕಾಯಾಯಿತು, ಕಾಯಿ ಹಣ್ಣಾಯಿತು. ಎಂಬತ್ತರ ಅಮ್ಮ ಮೊದಲ ಗೊಂಚಲಿನಿಂದ ಒಂದು ಕಿತ್ತು, ಸುಲಿದು, ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ನಾವೆಲ್ಲ ಸುತ್ತ ನಿಂತು ಅವರ ಮುಖವನ್ನೇ ನೋಡುತ್ತಿದ್ದೆವು.

"ಅವತ್ತಿನದಕ್ಕಿಂತ ಇದೇ ಸಿಹಿ!"

ಎಂದವರೇ ತಾರಸಿಯ ಅಂಚಿಗೆ ಹೋಗಿ, ಹಳೆಯ ಕಂಚಿನ ಕಂಠದಲ್ಲಿ ಕೂಗಿದರು: "ಲಾಂಗನ್ ಲಾಂಗನ್ ಲಾಂಗನ್! ಬರ್ರಪ್ಪಾ ಬರ್ರಮ್ಮಾ, ಇವತ್ತು ಪುಕ್ಕಟೆ!" ಬೀದಿಗೆ ಬೀದಿಯೇ ಮೆಟ್ಟಿಲು ಹತ್ತಿತು. ನನಗೂ ಎರಡು ಸಿಕ್ಕವು, ಹೊಟ್ಟೆ ತಣ್ಣಗಾಯಿತು.

ಲಾಂಗನ್, ರಂಬುಟಾನ್, ಮ್ಯಾಂಗೊಸ್ಟೀನ್ ನಿಮ್ಮ ಮನೆಯಲ್ಲೂ ಬೆಳೆಯಲಿ. ಮೊದಲು ಹತ್ತಿರದ ನಂಬಿಕಸ್ತ ನರ್ಸರಿಯಲ್ಲಿ ಕೇಳಿ, ಇಲ್ಲೇ ಸಿಕ್ಕೀತು. ಹೊರಗಿನಿಂದಲೇ ತರಿಸಬೇಕೆಂದರೆ ಸಸ್ಯ ತಪಾಸಣಾ ಕಚೇರಿಯವರನ್ನು ಮೊದಲೇ ವಿಚಾರಿಸಿ. ಈಗಾಗಲೇ ಬಚ್ಚಿಟ್ಟು ತಂದಿದ್ದೀರಾ? ನಾಚಿಕೆ ಬೇಡ, ನಾಳೆಯೇ ಹೋಗಿ ಒಪ್ಪಿಸಿ. ನೀವು ತರುವ ಗಿಡದ ಪಕ್ಕದಲ್ಲಿ ನೆರೆಯವರ ಗಿಡವೂ ಬದುಕಬೇಕು.