ಲೆಕ್ಕಕ್ಕೆ ಬಂದ ಕೋರ್ಸು

ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ಸಭೆಯ ಕಾಗದಗಳನ್ನು ಮೂರನೇ ಸಲ ತೆರೆದಿದ್ದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಓಡಾಡುವವಳಿಗೆ ಬಸ್ಸಿನಲ್ಲಿ ಓದುವುದು ಹೊಸದಲ್ಲ, ಆದರೆ ಅವತ್ತು ಒಂದು ಸಾಲೂ ತಲೆಗೆ ಹೋಗಲಿಲ್ಲ. ಊರ ಹೊರಗಿರುವ ನಮ್ಮ ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ಯಾವ ಕೋರ್ಸು ಸುಸ್ಥಿರತೆಯ ಶಿಕ್ಷಣ, ಯಾವುದು ಅಲ್ಲ ಎಂದು ತೀರ್ಮಾನಿಸಲು ಮೂವರ ಸಮಿತಿ ಮಾಡಿ, ನನ್ನನ್ನು ಸಂಚಾಲಕಿಯಾಗಿ ಕೂರಿಸಿದ್ದರು. ಅರ್ಥಶಾಸ್ತ್ರದ ಪವಿತ್ರ ಮೇಡಂ ಯಾವ ಕೆಲಸಕ್ಕೂ ಇಲ್ಲ ಅನ್ನುವುದಿಲ್ಲ ಎಂಬ ಹೆಸರು ನನಗೆ ಮೊದಲಿನಿಂದಲೂ ಅಂಟಿಕೊಂಡಿದೆ. ಸುಸ್ಥಿರತೆಯ ಲೆಕ್ಕಕ್ಕೆ ಬಂದ ಐಚ್ಛಿಕ ಕೋರ್ಸು ಉಳಿಯುತ್ತದೆ, ಬಾರದ್ದನ್ನು ಮುಚ್ಚುತ್ತಾರೆ. ಆದೇಶದಲ್ಲಿ ಅಷ್ಟೇ ಇತ್ತು.

ನನ್ನ ಚಿಂತೆಯೆಲ್ಲ ನಮ್ಮೂರಿನವನೇ ಆದ ಸಿದ್ದಾರ್ಥನ ಕೋರ್ಸಿನದು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ಓಡುವಂತೆ ಮಾಡುವುದನ್ನು ಅವನು ಕಲಿಸುತ್ತಿದ್ದ. ಅತಿಥಿ ಉಪನ್ಯಾಸಕ, ಕೋರ್ಸು ಹೋದರೆ ಅವನೂ ಹೋದ ಹಾಗೆಯೇ. ಅವನ ತಗಡಿನ ಶೆಡ್ಡಿನಲ್ಲಿ ಯಾವಾಗಲೂ ವಾರ್ನಿಷ್ ವಾಸನೆ, ನೆಲದ ತುಂಬ ತಂತಿಯ ಚೂರು. ನನ್ನ ತರಗತಿಯಲ್ಲಿ ಬಾಯಿಬಿಡದ, ನಮ್ಮ ತಾಲ್ಲೂಕಿನದೇ ಮದ್ದೂರಿನ ಶಿವರಂಜಿನಿ ಅಲ್ಲಿ ಗಂಡುಹುಡುಗರಿಗೆ ಜೋರು ಮಾಡುವುದನ್ನು ನಾನೇ ಕಿಟಕಿಯಿಂದ ನೋಡಿದ್ದೆ. ಕೆಟ್ಟದ್ದನ್ನು ಎಸೆಯದೆ ಮತ್ತೆ ಬಳಕೆಗೆ ತರುವುದು ಸುಸ್ಥಿರತೆ ಅಲ್ಲದಿದ್ದರೆ ಇನ್ನು ಯಾವುದು? ನನಗಂತೂ ಇದರಲ್ಲಿ ಅನುಮಾನವೇ ಇರಲಿಲ್ಲ.

ಸಭೆಯಲ್ಲಿ ಹಾಗಾಗಲಿಲ್ಲ. ಸಮಿತಿಯಲ್ಲಿದ್ದ ಇನ್ನಿಬ್ಬರು ವಾಣಿಜ್ಯ ವಿಭಾಗದ ಹಿರಿಯ ಪ್ರಾಧ್ಯಾಪಕ ಗಂಗಾಧರಸ್ವಾಮಿ ಮತ್ತು ಸಸ್ಯಶಾಸ್ತ್ರದ ಸುನೀಲ್ ಕುಮಾರ್. ಸ್ವಾಮಿಯವರು ಸಿದ್ದಾರ್ಥನ ಪಠ್ಯಕ್ರಮವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

"ಇದೇನ್ ಮೇಡಂ? ಮೋಟ್ರು ಸುತ್ತದೂ ಸುಸ್ಥಿರತೆನಾ? ಅಂಗಾದ್ರೆ ಪಂಚರ್ ಆಕದೂ ಪರಿಸರ ಶಿಕ್ಷಣ ಆಯ್ತದೆ ಬುಡಿ."

"ಆಗ್ಲಿ ಬುಡಿ ಸಾರ್, ಅದರಲ್ಲಿ ತಪ್ಪೇನು?" ಅಂದೆ. ಮೈ ಉರಿಯುತ್ತಿತ್ತು.

ಅವರು ನಕ್ಕರು. ಅವರದೂ ಒಂದು ಕೋರ್ಸು ಸಾಲಿನಲ್ಲಿತ್ತು: ರೆಸಾರ್ಟ್ ನಿರ್ವಹಣೆ. ಕಾಡಂಚಿನಲ್ಲಿ ಈಜುಕೊಳ ತೋಡುವುದು ಯಾವ ಸುಸ್ಥಿರತೆ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರೇ ಮೆಲ್ಲಗೆ, "ಮುಯ್ಯಿಗೆ ಮುಯ್ಯಿ ಮಾಡ್ಕಬುಡನ ಮೇಡಂ. ನಾವೇನ್ ಒಲ ಕಾಣದವ್ರಾ?" ಅಂದರು.

ಮುಯ್ಯಿ ಗೊತ್ತಿಲ್ಲದೆ ಏನು? ಅಪ್ಪನ ಹೊಲದ ಕಳೆಗೆ ಪಕ್ಕದವರು ಬಂದರೆ, ಅವರ ಅರಿಶಿನ ಕೀಳಲು ನಮ್ಮ ಮನೆಯವರು ಹೋಗುತ್ತಿದ್ದರು. ಆಳಿಗೆ ಆಳು, ದಿನಕ್ಕೆ ದಿನ. ಅದರಲ್ಲಿ ಮೋಸವಿರುವುದಿಲ್ಲ ಅಂತಲೇ ನಂಬಿ ಬೆಳೆದವಳು ನಾನು. ರೆಸಾರ್ಟ್‌ಗೆ ಕೈ ಎತ್ತಿದೆ. ಸುನೀಲ್ ಕುಮಾರರ ಹುಲ್ಲುಹಾಸಿನ ಕೋರ್ಸಿಗೂ ಎತ್ತಿದೆ. ಅವರಿಬ್ಬರೂ ಮೋಟಾರಿಗೆ ಎತ್ತಿದರು. "ಒಸಿ ಥಿಯರಿ ಸೇರುಸ್ಬೇಕಾಯ್ತದೆ ಅಷ್ಟೆ" ಎಂದರು ಸ್ವಾಮಿ. ಸೇರಿಸಲಿ, ಅದಕ್ಕೇನಂತೆ? ಶೆಡ್ಡಿಗೆ ಓಡಿಹೋಗಿ ಸಿದ್ದಾರ್ಥನಿಗೆ ಸುದ್ದಿ ಹೇಳಿದೆ. ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ, "ನೀವಿದ್ದಿದ್ಕೆ ಉಳ್ಕಂತು ಮೇಡಂ" ಅಂದ. ಆ ದಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಬೇಜಾರಾಗಲಿಲ್ಲ.

ಹೊಸ ವರ್ಷದ ವೇಳಾಪಟ್ಟಿ ಬಂದಾಗ ಎರಡೆರಡು ಸಲ ಓದಿದೆ. ಕೋರ್ಸಿನ ಹೆಸರು 'ದುರಸ್ತಿ ಮತ್ತು ಸುಸ್ಥಿರತೆ'. ಮುಕ್ಕಾಲುಪಾಲು ಥಿಯರಿ. ಸುಸ್ಥಿರತೆಯ ಕೋರ್ಸನ್ನು ಪಿಎಚ್‌ಡಿ ಆದವರೇ ಕಲಿಸಬೇಕೆಂದು ನಿಯಮ. ಸಿದ್ದಾರ್ಥನ ಹೆಸರಿದ್ದ ಜಾಗದಲ್ಲಿ ಗಂಗಾಧರಸ್ವಾಮಿ.

ಅವರ ಕೋಣೆಗೆ ನುಗ್ಗಿದೆ. "ಇದೇನು ಸಾರ್, ಇದು ಅವನ ಕೋರ್ಸಲ್ವಾ?"

"ಮುಯ್ಯಿಗೆ ಬಂದವ್ನು ಬರೀ ಬದಿನ್ ಮ್ಯಾಲ್ ನಿಂತಿರಕಾಯ್ತದಾ ಮೇಡಂ? ಒಲಕ್ಕೆ ಇಳೀಲೇಬೇಕು" ಅಂದರು ತಣ್ಣಗೆ. "ನಂಗೂ ಕ್ಲಾಸ್ ಕಮ್ಮಿ ಬಿದ್ದಿದ್ವು. ನಿಮ್ಗೇನ್ ಲಾಸು? ನೀವ್ ಏಳಿದ್ ಕೋರ್ಸು ಉಳ್ಕಂತಲ್ಲ."

ಹೊರಗೆ ಬಂದು ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಆಮೇಲೆ ಒಂದು ಮಾತು ಹೊಳೆಯಿತು, ಹೊಳೆದದ್ದು ಸಂಕಟ ಹೆಚ್ಚಿಸಿತು. ಮುಯ್ಯಿ ನಡೆಯುವುದು ಹೊಲ ಇದ್ದವರ ನಡುವೆ ಮಾತ್ರ. ಸಿದ್ದಾರ್ಥನ ಅಪ್ಪ ಮೂಗಯ್ಯ ನಮ್ಮ ಹೊಲಕ್ಕೆ ಬರುತ್ತಿದ್ದದ್ದು ಕೂಲಿಗೆ. ಅವರ ಮನೆಗೆ ಮುಯ್ಯಿ ತೀರಿಸಲು ನಮ್ಮವರು ಯಾರೂ ಯಾವತ್ತೂ ಹೋಗಿರಲಿಲ್ಲ, ಹೋಗುವುದಕ್ಕೆ ಅಲ್ಲಿ ಹೊಲವೇ ಇರಲಿಲ್ಲ. ಅವನ ಪರವಾಗಿ ನಾನು ಮುಯ್ಯಿ ಹಾಕಿದೆ ಅಂದುಕೊಂಡಿದ್ದೆ. ಕೊಟ್ಟು ತೆಗೆದುಕೊಂಡವರು ನಾವು ಮೂವರೇ.

ಕುಲಸಚಿವರಿಗೆ ಬರೆದೆ, ಹೋಗಿ ಜಗಳವಾಡಿದೆ. ಸಮಿತಿಯ ಒಮ್ಮತದ ತೀರ್ಮಾನ, ಸಹಿ ನಿಮ್ಮದೇ ಇದೆಯಲ್ಲ ಎಂದರು. ಶೆಡ್ಡಿಗೆ ಬೀಗ ಬಿತ್ತು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಸಿದ್ದಾರ್ಥ ಅಂಗಡಿ ಇಟ್ಟಿದ್ದಾನೆ ಎಂದು ಕೇಳಿದ ಮೇಲೂ ಎಷ್ಟೋ ದಿನ ಆ ಕಡೆ ಸುಳಿಯಲಿಲ್ಲ. ಒಂದು ಭಾನುವಾರ ಮನೆಯಲ್ಲಿ ಕೂತಲ್ಲಿ ಕೂರಲಾಗದೆ ಹೊರಟುಬಿಟ್ಟೆ. ಕೇರಳದ ಲಾರಿಗಳ ಧೂಳಿನಲ್ಲಿ ಸಣ್ಣ ಮಳಿಗೆ. ಒಳಗೆ ಗೋಣಿತಾಟಿನ ಮೇಲೆ ಕೂತು ಶಿವರಂಜಿನಿ ಕಾಯಿಲ್ ಸುತ್ತುತ್ತಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದಳು.

"ಬನ್ನಿ ಮೇಡಂ, ಕೂತ್ಕಳಿ" ಎಂದು ಸಿದ್ದಾರ್ಥ ಸ್ಟೂಲು ಒರೆಸಿದ. ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕಾಲೇಜಲ್ಲಿ ಕೋರ್ಸು ಹೇಗೆ ನಡೀತಿದೆ?" ಎಂದು ಶಿವರಂಜಿನಿಯನ್ನು ಕೇಳಿದೆ.

"ಸ್ವಾಮಿ ಸಾರ್ ರಿಪೇರಿಯ ಮಹತ್ವ ಅಂತ ನೋಟ್ಸ್ ಬರುಸ್ತಾವ್ರೆ ಮೇಡಂ. ಮೋಟ್ರು ಮುಟ್ಸಿಲ್ಲ ಇನ್ನೂ." ಅವಳು ಅಳುಕುತ್ತಾ ಸಿದ್ದಾರ್ಥನ ಮುಖ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು. "ಮೇಡಂ, ಆ ಕಮಿಟಿಲಿ ನೀವೇ ಅಲ್ವಾ ಇರದು? ಇಲ್ಲಿ ಕಲ್ತಿದ್ದು ಲೆಕ್ಕಕ್ಕೆ ಬತ್ತದಾ?"

"ಇಲ್ಲ ಕಣಮ್ಮಿ" ಅಂದೆ.

"ಸರಿ ಬುಡಿ ಮೇಡಂ" ಅಂದು ಅವಳು ಮತ್ತೆ ಕೂತು, ಬಿಟ್ಟಲ್ಲಿಂದ ತಂತಿ ಸುತ್ತತೊಡಗಿದಳು.