‘ನಮ್ಮವರೇ’ ಎಂಬ ಗುಂಡಿ

ಒಂದು ಸುಳ್ಳು ಎಚ್ಚರಿಕೆಗೆ ಹನ್ನೊಂದು ನಿಮಿಷ ಖರ್ಚು: ನೋಡಲು ಎರಡು, ಫೋನ್ ಮಾಡಲು ಐದು, ಆ ಕಡೆಯವರ ಬೈಗುಳ ಕೇಳಲು ನಾಲ್ಕು. ದಿನಕ್ಕೆ ನಲವತ್ತು ಬಂದರೆ ಏಳು ಗಂಟೆ ಇಪ್ಪತ್ತು ನಿಮಿಷ ಹೋಯಿತು. ಊರಿಗೆ ನೀರು ಬಿಡುವ ಕಚೇರಿಯಲ್ಲಿ ಕಂಪ್ಯೂಟರ್ ಜಾಲ ಕಾಯುವ ಅಕ್ಕನಿಗೆ ಉಳಿಯುತ್ತಿದ್ದುದು ಊಟದ ಹೊತ್ತು ಮಾತ್ರ.

ಎಚ್ಚರಿಕೆ ಕೊಡುತ್ತಿದ್ದುದು ಅವಳೇ ಮೂರು ತಿಂಗಳು ಕೂತು ಕಲಿಸಿದ ಯಂತ್ರ. ಯಾವ ಕಂಪ್ಯೂಟರ್ ಯಾವಾಗ ಯಾವುದರ ಜೊತೆ ಮಾತಾಡುತ್ತದೆ ಎಂಬುದನ್ನು ಅದು ನೋಡಿ ನೋಡಿ ತಿಳಿದುಕೊಂಡಿತ್ತು. ರೂಢಿ ತಪ್ಪಿದರೆ ಕೂಗುತ್ತಿತ್ತು. ಆ ಕೂಗಿಗೆ ಮ್ಯಾನೇಜರ್ ರೋಸಿಹೋಗಿದ್ದರು.

“ಶುಕ್ರವಾರದೊಳಗೆ ಇದರ ಬಾಯಿ ಮುಚ್ಚಿಸಮ್ಮ. ಇಲ್ಲಾಂದ್ರೆ ತೆಗೆದುಹಾಕು.”

ಅಷ್ಟರಲ್ಲಿ ಎಚ್ಚರಿಕೆಗಳು ಕಡಿಮೆಯಾಗಿ, ಬಾಯಿ ತಾನಾಗಿಯೇ ಮುಚ್ಚುತ್ತ ಬಂತು. ಅಕ್ಕನಿಗೆ ಅದೇ ಸರಿ ಕಾಣಲಿಲ್ಲ. ಹಳೆಯ ಎಚ್ಚರಿಕೆಗಳನ್ನು ತೆಗೆದು ನೋಡಿದಳು. ಪ್ರತಿಯೊಂದರ ಕೆಳಗೂ ಎರಡು ಗುಂಡಿ: ‘ಹೊರಗಿನವರು’, ‘ನಮ್ಮವರೇ’. ಹೆಸರು ಪರಿಚಯದ್ದಾದರೆ ಸಾಕು, ತಮ್ಮ ಪರದೆಗೂ ಬರುತ್ತಿದ್ದ ಈ ಕಾಟ ತಪ್ಪಲಿ ಎಂದು ಕಚೇರಿಯವರು ಕಣ್ಣುಮುಚ್ಚಿ ‘ನಮ್ಮವರೇ’ ಒತ್ತಿದ್ದರು. ಒತ್ತಿದ್ದೆಲ್ಲ ಯಂತ್ರಕ್ಕೆ ಪಾಠ: ಪರಿಚಯದ ಹೆಸರು ಕಂಡರೆ ಕೂಗಬೇಡ ಎಂದು. ಪಂಪ್ ಮೇಸ್ತ್ರಿಯ ಹೆಸರಿಗೇ ಇಪ್ಪತ್ತಾರು ಸಲ.

“ನನ್ನ ಹೆಸರು ಕಂಡ ಮೇಲೂ ಅನುಮಾನಾನಾ ತಂಗಿ?” ಮೇಸ್ತ್ರಿ ನಕ್ಕ. “ಮೂವತ್ತು ವರ್ಷದಿಂದ ಇಲ್ಲೇ ಸವೆದಿದ್ದೀನಿ.”

“ಅನುಮಾನ ನಿಮ್ಮ ಮೇಲಲ್ಲಣ್ಣ, ನಿಮ್ಮ ಹೆಸರಿನ ಮೇಲೆ. ಅದನ್ನ ಯಾರು ಬೇಕಾದ್ರೂ ಹಾಕ್ಕೊಂಡು ಬರಬಹುದು.”

ಅಕ್ಕ ಆ ಉತ್ತರಗಳನ್ನೆಲ್ಲ ಅಳಿಸಿದಳು. ಎರಡು ದಿನ ಮೇಜಿಂದ ಮೇಜಿಗೆ ಅಲೆದು, ಒಬ್ಬೊಬ್ಬರನ್ನೂ ಕೇಳಿ, ಯಂತ್ರಕ್ಕೆ ಹೊಸದಾಗಿ ಪಾಠ ಹೇಳಿದಳು. ‘ನಮ್ಮವರೇ’ ಇದ್ದ ಜಾಗದಲ್ಲಿ ‘ಕೇಳಿದೆ, ಅವರೇ ಮಾಡಿದ್ದಂತೆ’ ಎಂದು ಬರೆದಳು.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ರಜೆ ಅರ್ಜಿ ಹಿಡಿದು ಮ್ಯಾನೇಜರ್ ಮುಂದೆ ನಿಂತಿದ್ದ. ಪಕ್ಕದಲ್ಲೇ ಅಕ್ಕನ ಮೇಜಿನಲ್ಲಿ ಯಂತ್ರ ಕೂಗಿತು. ಮೇಸ್ತ್ರಿಯ ಹೆಸರಿನಲ್ಲಿ ಯಾರೋ ಒಳಹೊಕ್ಕು, ಹತ್ತೂ ಪಂಪುಗಳನ್ನು ಒಂದೊಂದಾಗಿ ನಿಲ್ಲಿಸಲು ಹೊರಟಿದ್ದರು.

“ಬಿಡಮ್ಮ, ನಮ್ಮ ಮೇಸ್ತ್ರಿನೇ ಇರಬೇಕು,” ಎಂದರು ಮ್ಯಾನೇಜರ್, ಅರ್ಜಿಯಿಂದ ತಲೆ ಎತ್ತದೆ.

“ನಾನಿಲ್ಲೇ ನಿಂತಿದ್ದೀನಲ್ಲ ಸಾರ್,” ಎಂದ ಮೇಸ್ತ್ರಿ. “ಅಲ್ಲಿರೋನು ಯಾವನು?”

ಅಷ್ಟರಲ್ಲಿ ಅಕ್ಕ ಆ ಹೆಸರಿಗೆ ಬೀಗ ಜಡಿದು, ಹೊರಗಿನ ಸಂಪರ್ಕ ಕಿತ್ತಾಗಿತ್ತು. ಮೇಸ್ತ್ರಿ ರಜೆ ಮರೆತು ಪಂಪ್ ಮನೆಗೆ ಓಡಿದ.

ಒಂದು ಪಂಪು ಅರ್ಧ ಗಂಟೆ ನಿಂತಿತು. ಮೇಲಿನ ಬೀದಿಗಳಿಗೆ ನೀರು ತಡವಾಗಿ ಬಂತು. ಉಳಿದ ಒಂಬತ್ತು ನಿಲ್ಲಲಿಲ್ಲ. ಯಂತ್ರವನ್ನು ಯಾರೂ ತೆಗೆಯಲಿಲ್ಲ.